ಮಾತ್ರೆ ಸುತ್ತಿಕೊಟ್ಟ ಪುಟದಲ್ಲಿ ‘ಹುಚ್ಚು ಹೀರೋ’

ಸಂಪಾದಕರೇ, ನಮಸ್ಕಾರ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವನು. ನಿಮ್ಮ ಪತ್ರಿಕೆಗೆ ಇದು ನನ್ನ ಮೊದಲ ಪತ್ರ, ಸ್ವಲ್ಪ ಉದ್ದವಾಗುತ್ತದೆ, ಕತ್ತರಿ ಹಾಕುವುದು ನಿಮಗೆ ಬಿಟ್ಟಿದ್ದು.

ಹೋದ ವಾರ ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು ಚೀಟಿ ಹಿಡಿದು ಬಂದರು. ಮಗನಿಗೆ ಬರೆದ ಮಾತ್ರೆ. ಕೊಟ್ಟೆ. ‘ಅಣ್ಣಾ, ಕವರ್ ಬ್ಯಾಡ, ಪೇಪರ್‌ನಾಗ ಸುತ್ತಿ ಕೊಡು, ಬಸ್ಸಿನಾಗ ನಮ್ಮೂರೋರೇ ಇರ್ತಾರೆ’ ಅಂದರು. ಇದು ನನಗೆ ಹೊಸದಲ್ಲ. ಸಕ್ಕರೆ ಕಾಯಿಲೆ ಮಾತ್ರೆಯನ್ನು ಜನ ಅಂಗೈಯಲ್ಲಿ ಹಿಡಿದುಕೊಂಡೇ ಹೋಗುತ್ತಾರೆ, ಬಿಪಿ ಮಾತ್ರೆಯನ್ನು ಜೇಬಿಗೆ ಹಾಕುತ್ತಾರೆ, ಮನಸ್ಸಿನ ಮಾತ್ರೆ ಮಾತ್ರ ಪೇಪರ್‌ನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಪೇಪರ್ ಸುತ್ತಿ, ಚೀಲದ ತಳಕ್ಕೆ ಹೋಗಬೇಕು. ಕೆಲವರು ಡಬ್ಬಿಯ ಮೇಲಿನ ಹೆಸರು ಕೆರೆದು ಕೊಡಿ ಅಂತಲೂ ಕೇಳಿದ್ದಾರೆ. ಸರಿ, ಕೈಗೆ ಸಿಕ್ಕ ಹಳೇ ಪೇಪರ್ ಹರಿದೆ. ನಿಮ್ಮದೇ ಪತ್ರಿಕೆ. ಸುತ್ತುವಾಗ ಮೇಲೆ ಬಂದಿದ್ದು ಸಿನಿಮಾ ಪುಟ, ದಪ್ಪ ಅಕ್ಷರದಲ್ಲಿ ‘ಹುಚ್ಚು ಹೀರೋನ ಎರಡು ಮುಖ’. ಆ ಪುಟ ಮಡಚಿ ಪಕ್ಕಕ್ಕಿಟ್ಟು ಬೇರೆ ಪುಟದಲ್ಲಿ ಸುತ್ತಿಕೊಟ್ಟೆ. ಆ ತಾಯಿಗೆ ಓದಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಯಾಕೋ ಕೈ ಬರಲಿಲ್ಲ.

ಅದು ‘ಮೂನ್ ನೈಟ್’ ಸೀರಿಯಲ್ ಬಗ್ಗೆ ಬಂದ ಬರಹ. 2022ರಲ್ಲಿ ಬಂದ, ಅಮೆರಿಕದ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಸೀರಿಯಲ್, ಒಟ್ಟು ಆರೇ ಕಂತು. ಈಗ ಬರೆದಿದ್ದೀರಿ, ತಡವಾದರೂ ಬರೆದಿರಲ್ಲ, ಸಂತೋಷ. ಆದರೆ ಅದರಲ್ಲಿ ನಾಯಕನನ್ನು ‘ಸ್ಕಿಜೋಫ್ರೇನಿಯಾ ರೋಗಿ’ ಅಂತ ಕರೆದಿದ್ದಾರೆ. ಅದು ತಪ್ಪು. ಈ ತಪ್ಪು ನಿಮ್ಮವರೊಬ್ಬರದೇ ಅಲ್ಲ, ಅರ್ಧ ಊರೇ ಮಾಡುತ್ತದೆ. ಆ ಪದ ಹುಟ್ಟಿದ್ದೇ ಹಾಗೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಅನ್ನುವ ಡಾಕ್ಟರು ಗ್ರೀಕ್ ಪದಗಳಿಂದ ಆ ಹೆಸರು ಕಟ್ಟಿದರು, ಅರ್ಥ ‘ಸೀಳಿದ ಮನಸ್ಸು’ ಅಂತ. ಅವರು ಹೇಳಿದ್ದು ಯೋಚನೆಗೂ ಭಾವನೆಗೂ ಕೊಂಡಿ ತಪ್ಪುವುದನ್ನು. ಜನ ಹಿಡಿದುಕೊಂಡಿದ್ದು ಒಬ್ಬನೊಳಗೆ ಇಬ್ಬರು ಅಂತ. ಸ್ಕಿಜೋಫ್ರೇನಿಯಾದಲ್ಲಿ ಇಬ್ಬರು ಇರುವುದಿಲ್ಲ. ಇಲ್ಲದ ದನಿ ಕೇಳಿಸುತ್ತದೆ, ಯಾರೋ ನನ್ನ ಬೆನ್ನು ಹತ್ತಿದ್ದಾರೆ ಅನ್ನಿಸುತ್ತದೆ, ಅದಕ್ಕೆ ಮಾತ್ರೆ ಇದೆ, ಬಹಳ ಜನಕ್ಕೆ ಅದು ಕೆಲಸ ಮಾಡುತ್ತದೆ. ಮೂನ್ ನೈಟ್ ನಾಯಕನಿಗೆ ಇರುವುದು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಚಿಕ್ಕದಾಗಿ ಡಿಐಡಿ, ಅಂದರೆ ಒಬ್ಬನೊಳಗೇ ಬೇರೆ ಬೇರೆ ವ್ಯಕ್ತಿತ್ವಗಳಿರುವ ಕಾಯಿಲೆ. 1994ರವರೆಗೆ ಅಮೆರಿಕದ ಡಾಕ್ಟರುಗಳ ಪುಸ್ತಕದಲ್ಲಿ ಇದಕ್ಕೆ ಮಲ್ಟಿಪಲ್ ಪರ್ಸನಾಲಿಟಿ ಅಂತ ಹೆಸರಿತ್ತು. ಇದಕ್ಕೇ ಅಂತ ಒಂದು ಮಾತ್ರೆ ನನ್ನ ಅಂಗಡಿಯಲ್ಲಿಲ್ಲ, ಯಾರ ಅಂಗಡಿಯಲ್ಲೂ ಇಲ್ಲ. ನಿದ್ದೆಗೆ, ಖಿನ್ನತೆಗೆ ಜೊತೆಯಲ್ಲಿ ಏನಾದರೂ ಬರೆಯಬಹುದು. ನಿಜವಾದ ಚಿಕಿತ್ಸೆ ಕೂತು ಮಾತಾಡುವುದು, ಅದೂ ವರ್ಷಗಟ್ಟಲೆ.

ನಾನು ಡಾಕ್ಟರಲ್ಲ. ಔಷಧಿ ಮಾರುವವನು. ಗೊತ್ತಿಲ್ಲದ್ದನ್ನು ಕೇಳಿ, ಓದಿ ತಿಳಿದುಕೊಂಡವನು ಅಷ್ಟೇ.

ಸೀರಿಯಲ್ ನೋಡಲು ಕೂರಿಸಿದ್ದು ನನ್ನ ಮಗಳು. ಎರಡನೇ ಪಿಯುಸಿ. ನನಗೆ ಈ ಸೂಪರ್‌ಹೀರೋಗಳು ಅಷ್ಟಕ್ಕಷ್ಟೇ, ಲಾಟೀನು ಕಟ್ಟಿಕೊಂಡ ಹಾಗೆ ಬಟ್ಟೆ ಹಾಕಿಕೊಂಡು ಹಾರುವುದು ನೋಡಿದರೆ ನಗು ಬರುತ್ತದೆ. ಆದರೆ ಮೊದಲ ಕಂತಿನಲ್ಲೇ ಒಂದು ವಿಷಯ ಹಿಡಿಯಿತು. ಸ್ಟೀವನ್ ಅಂತ ಒಬ್ಬ ಪಾಪದ ಮನುಷ್ಯ, ಲಂಡನ್ನಿನ ಮ್ಯೂಸಿಯಂನಲ್ಲಿ ಸಾಮಾನು ಮಾರುವ ಅಂಗಡಿ ಕೆಲಸ. ರಾತ್ರಿ ಮಲಗುವಾಗ ಕಾಲಿಗೆ ಬೆಲ್ಟು ಹಾಕಿ ಮಂಚಕ್ಕೆ ಕಟ್ಟಿಕೊಳ್ಳುತ್ತಾನೆ. ಮಂಚದ ಸುತ್ತ ಮರಳು ಹರಡುತ್ತಾನೆ, ಎದ್ದು ನಡೆದರೆ ಹೆಜ್ಜೆ ಕಾಣಲಿ ಅಂತ. ಬಾಗಿಲಿಗೆ ಟೇಪು ಅಂಟಿಸುತ್ತಾನೆ. ತನ್ನ ಮನೆಗೆ ತಾನೇ ಕಾವಲುಗಾರ, ತಾನೇ ಕಳ್ಳ. ಒಬ್ಬಳನ್ನು ಶುಕ್ರವಾರ ಊಟಕ್ಕೆ ಕರೆದಿರುತ್ತಾನೆ, ಹೋಟೆಲಿಗೆ ಹೋಗಿ ಕೂತರೆ ಅವತ್ತು ಭಾನುವಾರ. ಎರಡು ದಿನ ಎಲ್ಲಿ ಹೋಯಿತು ಅಂತ ಅವನಿಗೇ ಗೊತ್ತಿಲ್ಲ.

ಮಗಳಿಗೆ ಸಿಟ್ಟು. ‘ಅಪ್ಪಾ, ಫೈಟೇ ತೋರ್ಸಲ್ಲ ನೋಡು ಇವ್ರು’ ಅಂದಳು. ನಿಜ. ಹೊಡೆದಾಟ ಶುರುವಾಗುವ ಹೊತ್ತಿಗೆ ದೃಶ್ಯ ಹಾರಿಬಿಡುತ್ತದೆ. ಮುಂದಿನ ಕ್ಷಣ ಅವನ ಕೈಗೆ ರಕ್ತ, ಸುತ್ತ ನಾಲ್ಕು ಜನ ಬಿದ್ದಿದ್ದಾರೆ. ದುಡ್ಡು ಉಳಿಸಲು ಹೀಗೆ ಮಾಡಿದ್ದಾರೆ ಅಂತ ನಾನೂ ಮೊದಲು ಅಂದುಕೊಂಡೆ. ಆಮೇಲೆ ಹೊಳೆಯಿತು, ಅವನಿಗೆ ಏನು ಗೊತ್ತಿಲ್ಲವೋ ಅದು ನಮಗೂ ಗೊತ್ತಾಗಬಾರದು. ಈ ಕಾಯಿಲೆಯಲ್ಲಿ ಮುಖ್ಯವಾದದ್ದು ಈ ಮರೆವೇ, ಎರಡು ದನಿಯಲ್ಲಿ ಮಾತಾಡುವುದಲ್ಲ. ಮಧ್ಯದ ಗಂಟೆಗಳು, ದಿನಗಳು ಕೈಬಿಟ್ಟು ಹೋಗುವುದು, ಕೊಂಡ ನೆನಪಿಲ್ಲದ ವಸ್ತು ಮನೆಯಲ್ಲಿ ಸಿಗುವುದು, ಗುರುತಿಲ್ಲದವರು ಬಂದು ಹೆಸರು ಹಿಡಿದು ಮಾತಾಡಿಸುವುದು. ಅದನ್ನು ಒಂದು ಭಾಷಣವಿಲ್ಲದೆ, ಬರೀ ಕತ್ತರಿ ಕೆಲಸದಲ್ಲಿ ತೋರಿಸಿದ್ದಾರಲ್ಲ, ಭೇಷ್ ಅನ್ನಬೇಕು. ಆ ಒಂದೇ ಮೈಯಲ್ಲಿ ಸ್ಟೀವನ್ ಜೊತೆ ಇರುವ ಇನ್ನೊಬ್ಬ ಮಾರ್ಕ್. ಆಸ್ಕರ್ ಐಸಾಕ್ ಅನ್ನುವ ನಟ ಸ್ಟೀವನ್ನೂ ಹೌದು, ಮಾರ್ಕೂ ಹೌದು. ಒಬ್ಬ ಲಂಡನ್ ಮಾತಿನ ಪುಕ್ಕಲ, ಇನ್ನೊಬ್ಬ ಶಿಕಾಗೋದ ಕೂಲಿ ಸೈನಿಕ. ಇಬ್ಬರೂ ಎದುರುಬದುರು ನಿಂತು ಮಾತಾಡುವ ದೃಶ್ಯಗಳಿಗೆ ಐಸಾಕ್‌ನ ಸ್ವಂತ ತಮ್ಮನೇ ಎದುರಿಗೆ ನಿಂತಿದ್ದನಂತೆ. ಐದನೇ ಕಂತು ನೋಡಿದ ಮೇಲೆ ಈ ‘ತಮ್ಮ’ ಅನ್ನುವುದು ನನಗೆ ಬೇರೆಯೇ ಥರ ಕೇಳಿಸಿತು.

ಹೀಗೆ ಅಂದರೆ, ನಮ್ಮವರಿಗೆ ಒಳಗೊಬ್ಬರು ಇರುವ ಕಥೆ ಹೊಸದಲ್ಲ. 2004ರ ‘ಆಪ್ತಮಿತ್ರ’ ನೋಡದವರು ಈ ಊರಲ್ಲಿ ಯಾರಿದ್ದಾರೆ? ಸೌಂದರ್ಯ ನಾಗವಲ್ಲಿಯಾಗಿ ಕಣ್ಣು ಬಿಟ್ಟಾಗ ಥಿಯೇಟರಿನಲ್ಲಿ ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಹೋಗಿದ್ದವು. ಒಳ್ಳೇ ಸಿನಿಮಾ, ನಾಲ್ಕು ಸಲ ನೋಡಿದ್ದೇನೆ. ಆದರೆ ಅಲ್ಲಿ ಒಳಗಿರುವವಳು ಅಂದರೆ ಹೆದರಿಕೆ. ಅವಳನ್ನು ಓಡಿಸಬೇಕು, ಓಡಿಸಿದರೆ ಗುಣ, ಅದೂ ಒಂದೇ ರಾತ್ರಿಯಲ್ಲಿ. ಅವತ್ತಿನಿಂದ ನಮ್ಮ ಬೀದಿಯಲ್ಲಿ ಯಾರಾದರೂ ಹೆಂಗಸು ಜೋರಾಗಿ ಜಗಳ ಮಾಡಿದರೆ ‘ನಾಗವಲ್ಲಿ ಬಂದ್ಲು ನೋಡು’ ಅನ್ನುವುದು ರೂಢಿಯಾಗಿಹೋಯಿತು.

ಮೂನ್ ನೈಟ್ ಅದನ್ನು ತಿರುಗಿಸಿ ಹಾಕಿದೆ. ಅಲ್ಲಿ ಒಳಗಿರುವ ಇನ್ನೊಬ್ಬ ಹೆದರಿಸಲು ಬಂದವನಲ್ಲ, ಕಾಪಾಡಲು ಬಂದವನು. ನನಗೆ ಈ ಪತ್ರ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ನಿಮ್ಮ ಬರಹದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕಥೆ ಹೀಗಿದೆ. ಮಾರ್ಕ್ ಚಿಕ್ಕವನಿದ್ದಾಗ ತಮ್ಮನನ್ನು ಕರೆದುಕೊಂಡು ಗುಹೆಯಲ್ಲಿ ಆಡಲು ಹೋಗುತ್ತಾನೆ. ಮಳೆ ಹಿಡಿಯುತ್ತದೆ, ಗುಹೆಗೆ ನೀರು ನುಗ್ಗುತ್ತದೆ, ತಮ್ಮ ಮುಳುಗಿ ಸಾಯುತ್ತಾನೆ. ಗುಹೆ ಅಂದರೆ ನಮ್ಮ ಕಡೆಯವರಿಗೆ ಚಂದ್ರವಳ್ಳಿಯ ಅಂಕಲಿ ಮಠ ಕಣ್ಣಿಗೆ ಬರುತ್ತದೆ, ನನಗೂ ಅದೇ ಬಂತು, ಆ ಕತ್ತಲು, ಬಗ್ಗಿ ಬಗ್ಗಿ ಇಳಿಯುವ ಮೆಟ್ಟಿಲು. ಇರಲಿ. ತಾಯಿ ಆ ಸಾವನ್ನು ಬದುಕಿ ಬಂದ ಮಗನ ತಲೆಗೆ ಕಟ್ಟುತ್ತಾಳೆ. ಕುಡಿಯುತ್ತಾಳೆ. ಅವನ ಹುಟ್ಟಿದ ಹಬ್ಬಕ್ಕೂ ಅದೇ ಮಾತು. ಬೆಲ್ಟು ಕೈಗೆ ಬರುತ್ತದೆ. ಹೊಡೆಯುವುದನ್ನು ನೇರ ತೋರಿಸುವುದಿಲ್ಲ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅವಳು ಬಾಗಿಲು ಬಡಿಯುತ್ತಿರುವಾಗ ಒಳಗಿನ ಹುಡುಗ, ಇವಳು ನನ್ನ ಅಮ್ಮ ಅಲ್ಲ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾ ಹೇಳಿಕೊಳ್ಳುತ್ತಾ ಒಂದು ಕ್ಷಣ ಕಣ್ಣು ಮೇಲೆ ಮಾಡಿ, ಆಮೇಲೆ ಏನೂ ಆಗೇ ಇಲ್ಲ ಅನ್ನುವವನ ಹಾಗೆ, ಬೇರೆಯದೇ ದನಿಯಲ್ಲಿ, ಅಯ್ಯೋ ರೂಮು ಎಷ್ಟು ಗಲೀಜಾಗಿದೆ ಅಂತ ಸಾಮಾನು ಜೋಡಿಸಲು ಶುರು ಮಾಡುತ್ತಾನೆ. ಅಲ್ಲಿ ಹುಟ್ಟಿದವನು ಸ್ಟೀವನ್. ಹೆಸರು, ಮಾತಿನ ಧಾಟಿ ಎಲ್ಲಾ ಗೋಡೆ ಮೇಲಿದ್ದ ಒಂದು ಸಿನಿಮಾ ಪೋಸ್ಟರಿನಿಂದ.

ಸ್ಟೀವನ್‌ಗೆ ಏಟು ಬಿದ್ದ ನೆನಪೇ ಇಲ್ಲ. ಅವನಿಗೆ ಪ್ರೀತಿಯ ಅಮ್ಮ ಇದ್ದಾಳೆ, ದಿನಾ ಫೋನ್ ಮಾಡಿ ಅಮ್ಮನಿಗೆ ವಾಯ್ಸ್ ಮೆಸೇಜ್ ಬಿಡುತ್ತಾನೆ. ಆ ಕಡೆಯಿಂದ ಉತ್ತರ ಬಂದಿದ್ದು ನಾವು ಯಾವತ್ತೂ ಕೇಳುವುದಿಲ್ಲ. ಯಾಕೆ ಅಂದರೆ ಅವಳು ಸತ್ತು ಎರಡು ತಿಂಗಳಾಗಿದೆ. ನಾಲ್ಕು ಕಂತು ಇದನ್ನು ನಮ್ಮ ಕಣ್ಣೆದುರೇ ಇಟ್ಟುಕೊಂಡು ನಗಿಸಿದ್ದರಲ್ಲ, ಐದನೇದರಲ್ಲಿ ಅದು ಗೊತ್ತಾದಾಗ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದೆ.

ಓದಿದವರು ಹೇಳುವುದೂ ಇದೇ. ಚಿಕ್ಕ ಮಗುವಿಗೆ ‘ನಾನು’ ಅನ್ನುವುದು ಇನ್ನೂ ಗಟ್ಟಿಯಾಗಿ ಒಂದು ಕಡೆ ಕೂತಿರುವುದಿಲ್ಲ. ಖುಷಿಯಲ್ಲೊಂದು ನಾನು, ಹೆದರಿಕೆಯಲ್ಲೊಂದು ನಾನು. ಮನೆ ಸರಿಯಾಗಿದ್ದರೆ ಬೆಳೀತಾ ಬೆಳೀತಾ ಎಲ್ಲಾ ಒಂದಾಗುತ್ತವೆ. ಆದರೆ ಹೊಡೆಯುವವರೂ ಊಟ ಹಾಕುವವರೂ ಒಬ್ಬರೇ ಆಗಿಬಿಟ್ಟರೆ ಮಗು ಎಲ್ಲಿಗೆ ಓಡಬೇಕು? ಮನೆ ಬಿಟ್ಟು ಹೋಗಲಾಗುವುದಿಲ್ಲ, ಅದಕ್ಕೆ ತನ್ನೊಳಗೇ ಓಡುತ್ತದೆ. ಏಟು ತಿಂದವನನ್ನು ಒಂದು ಕೋಣೆಯಲ್ಲಿ ಹಾಕಿ, ಶಾಲೆಗೆ ಹೋಗುವವನನ್ನು ಇನ್ನೊಂದು ಕೋಣೆಯಲ್ಲಿ ಇಟ್ಟು, ನಡುವೆ ಗೋಡೆ ಕಟ್ಟುತ್ತದೆ. ಇದು ಒಂದು ದಿನದ ಏಟಿಗೆ ಆಗುವಂಥದ್ದಲ್ಲ, ಮತ್ತೆ ಮತ್ತೆ, ಬಹಳ ಚಿಕ್ಕ ವಯಸ್ಸಿನಿಂದ ನಡೆದರೆ ಆಗುವುದು. ಇಲ್ಲಿ ಸೀರಿಯಲ್ಲಿನವರು ಸ್ವಲ್ಪ ಸಡಿಲ ಬಿಟ್ಟಿದ್ದಾರೆ. ಮಾರ್ಕ್ ಆ ಹೊತ್ತಿಗೆ ಸಾಕಷ್ಟು ದೊಡ್ಡ ಹುಡುಗ. ಹೋಗಲಿ, ಕಥೆಗೆ ಅಷ್ಟು ಸಲಿಗೆ ಬೇಕಲ್ವಾ. ಎಲ್ಲಾ ಮನೋವೈದ್ಯರೂ ಈ ಕಾಯಿಲೆಯನ್ನು ಒಂದೇ ರೀತಿ ಒಪ್ಪುವುದಿಲ್ಲ ಅನ್ನುವುದೂ ನಿಜ. ಬಾಲ್ಯದ ಪೆಟ್ಟಿನಿಂದಲೇ ಹುಟ್ಟುತ್ತದೆ ಅನ್ನುವವರು ಜಾಸ್ತಿ, ಸಿನಿಮಾ ನೋಡಿ, ಡಾಕ್ಟರೇ ಕೆದಕಿ ಕೆದಕಿ ಹುಟ್ಟಿಸುತ್ತಾರೆ ಅನ್ನುವವರೂ ಇದ್ದಾರೆ.

ಈಗ ನನ್ನ ಮನೆಯ ವಿಷಯ.

ನಮ್ಮ ದೊಡ್ಡಮ್ಮನ ಮನೆ ಚಿತ್ರದುರ್ಗದ ಹತ್ತಿರದ ಹಳ್ಳಿ. ಊರ ಹೊರಗೆ ಕಲ್ಲು ಕ್ವಾರಿ. ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಮೇಲಿಂದ ನೋಡಿದರೆ ಮೊಣಕಾಲುದ್ದ ಅನ್ನಿಸುತ್ತದೆ, ಇಳಿದರೆ ಎರಡಾಳು. ದೊಡ್ಡಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ನನಗಿಂತ ಒಂದು ವರ್ಷ ದೊಡ್ಡವನು, ಅವನಿಗೆ ಆಗ ಒಂಬತ್ತು. ಚಿಕ್ಕವನಿಗೆ ಆರು. ಒಂದು ಮಧ್ಯಾಹ್ನ ಇಬ್ಬರೂ ಹೋದರು, ಒಬ್ಬ ಬಂದ. ಉಳಿದಿದ್ದು ಹೇಳಬೇಕಾಗಿಲ್ಲ.

ದೊಡ್ಡಮ್ಮ ಕೆಟ್ಟವಳಲ್ಲ. ನನಗೆ ಎಷ್ಟೋ ಸಲ ಕೈಯಾರೆ ಉಣಿಸಿದ್ದಾಳೆ. ಆದರೆ ಅವತ್ತಿನಿಂದ ಅವಳ ಬಾಯಲ್ಲಿ ದೊಡ್ಡವನಿಗೆ ಹೆಸರೇ ಹೋಯಿತು. ‘ತಮ್ಮನ್ನ ತಿಂದ್ಕೊಂಡೋನು.’ ಅದೇ ಹೆಸರು. ಅನ್ನ ಹಾಕುವಾಗಲೂ ಅದೇ, ಹೊಡೆಯುವಾಗಲೂ ಅದೇ. ಹಿರಿಯರ ಹಬ್ಬದಲ್ಲಿ ಸತ್ತ ಹುಡುಗನಿಗೆ ಹೊಸ ಚಡ್ಡಿ, ಅಂಗಿ ತಂದು ಎಡೆ ಇಡುತ್ತಿದ್ದಳು. ಬದುಕಿರುವವನನ್ನು ಎಡೆ ಮುಗಿಯುವವರೆಗೆ ಹೊರಗೆ ಕಟ್ಟೆ ಮೇಲೆ ಕೂರಿಸುತ್ತಿದ್ದಳು. ನಾವೆಲ್ಲಾ ಒಳಗೆ ಹೋಳಿಗೆ ತಿನ್ನುತ್ತಿದ್ದೆವು.

ಒಂದು ರಜೆಯಲ್ಲಿ ಅವನ ಬೆನ್ನ ಮೇಲೆ ಬಾಸುಂಡೆ ನೋಡಿ, ನೋವಾಯ್ತೇನೋ ಅಂತ ಕೇಳಿದೆ. ‘ನಂಗಲ್ಲ, ಅವನಿಗೆ ಹೊಡೆದಿದ್ದು’ ಅಂದ. ಯಾರಿಗೆ? ‘ಗ್ವಾಡೆ ತಾವ ನಿಂತಿರ್ತಾನಲ್ಲ, ಅವನಿಗೆ.’ ಗೋಡೆ ಹತ್ತಿರ ಯಾರೂ ಇರಲಿಲ್ಲ. ನಾವು ಹುಡುಗರು ಬಿದ್ದು ಬಿದ್ದು ನಕ್ಕೆವು. ಆ ರಜೆ ಪೂರ್ತಿ ಅವನನ್ನು ‘ಗ್ವಾಡೆ’ ಅಂತಲೇ ಕರೆದೆವು. ನಾನೂ ಕರೆದೆ.

ಶಾಲೆಯಲ್ಲಿ ಅವನು ಎಲ್ಲೋ ನೋಡುತ್ತಾ ನಿಂತುಬಿಡುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಗಾಳಿ ಸೋಕಿದೆ ಅಂದರು. ಕ್ವಾರಿಯಲ್ಲಿ ಸತ್ತ ತಮ್ಮನೇ ಹಿಡಿದುಕೊಂಡಿದ್ದಾನೆ ಅಂದರು. ಬಿಡಿಸುವವನೊಬ್ಬನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಏನು ಮಾಡಿದರು ಅಂತ ನಾನು ನೋಡಿಲ್ಲ, ವಾಪಸು ಬಂದಾಗ ಕೈಮೇಲೆ ಹುಣಸೇ ಬರಲಿನ ಗೆರೆಗಳಿದ್ದವು. ಅಲ್ಲಿಗೆ ಏಟಿನ ಕಾಯಿಲೆಗೆ ಏಟಿನದೇ ಔಷಧಿಯಾಯಿತು. ಈಗ ಇಂಥ ಕೆಲಸಕ್ಕೆ ಕಾನೂನಿದೆ, ಮೌಢ್ಯ ತಡೆಯಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಬಂದ ಕಾಯ್ದೆ. ಆಗ ಇರಲಿಲ್ಲ.

ಅವನಿಗೆ ಇದ್ದಿದ್ದು ಡಿಐಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಒಬ್ಬನೇ ಒಬ್ಬ ಡಾಕ್ಟರೂ ಅವನನ್ನು ನೋಡಿಲ್ಲ. ನೋವು ತಡೆಯಲಾಗದಾಗ ಮನಸ್ಸು ಮೈಯನ್ನು ಬಿಟ್ಟು ಪಕ್ಕಕ್ಕೆ ನಿಲ್ಲುವುದಿದೆಯಲ್ಲ, ಅದಕ್ಕೆ ಡಿಸೋಸಿಯೇಷನ್ ಅನ್ನುತ್ತಾರೆ. ಆಕ್ಸಿಡೆಂಟ್ ಆದವರು ಎಷ್ಟೋ ಜನ ‘ನನ್ನನ್ನೇ ನಾನು ಮೇಲಿಂದ ನೋಡ್ದಂಗಾಯ್ತು’ ಅನ್ನುವುದು ಅದೇ. ಅದರಲ್ಲಿ ಮೆಟ್ಟಿಲುಗಳಿವೆ, ಡಿಐಡಿ ಅನ್ನುವುದು ಕಟ್ಟಕಡೆಯದು. ನಮ್ಮಣ್ಣ ಎಷ್ಟನೇ ಮೆಟ್ಟಿಲಲ್ಲಿದ್ದ, ಯಾರಿಗೆ ಗೊತ್ತು.

ನಮ್ಮ ದೇಶದಲ್ಲಿ ಡಿಐಡಿ ಅಂತ ಬರೆದಿಟ್ಟ ಕೇಸುಗಳು ಬಹಳ ಕಮ್ಮಿ. ‘ಮೈಮೇಲೆ ಬರುವುದು’ ಅಂತ ಆಸ್ಪತ್ರೆಗೆ ಬಂದವರು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಂತ ದುಗ್ಗಮ್ಮನ ಜಾತ್ರೆಯಲ್ಲಿ ಮೈದುಂಬುವವರೆಲ್ಲಾ ರೋಗಿಗಳಾ? ಅಲ್ಲವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಜನರ ಆಚರಣೆಯಲ್ಲಿ ಒಪ್ಪಿತವಾಗಿ ಬರುವುದನ್ನು ಕಾಯಿಲೆ ಅಂತ ಎಣಿಸುವುದಿಲ್ಲ. ಕರೆಯದೆ ಬಂದರೆ, ಹೋಗು ಅಂದರೆ ಹೋಗದಿದ್ದರೆ, ಆ ಮನುಷ್ಯನ ಬದುಕು ಕೆಡುತ್ತಿದ್ದರೆ ಆಗ ಅದು ಕಾಯಿಲೆ. ಈ ಗೆರೆ ನನಗೆ ಬಹಳ ಹಿಡಿಸಿತು, ಯಾಕೆಂದರೆ ಸೀರಿಯಲ್ಲೂ ಇದೇ ಗೆರೆ ಎಳೆದಿದೆ. ಮಾರ್ಕ್‌ನ ತಲೆಯಲ್ಲಿ ಮಾತಾಡುವವರು ಇಬ್ಬರು. ಒಬ್ಬ ಖೋನ್ಶು, ಈಜಿಪ್ಟಿನ ಚಂದ್ರದೇವರು, ಹಕ್ಕಿಯ ಬುರುಡೆ ಮುಖ. ಇನ್ನೊಬ್ಬ ಸ್ಟೀವನ್. ಖೋನ್ಶು ಹೊರಗಿನಿಂದ ಬಂದವನು, ಮಾರ್ಕ್ ಸಾಯಲು ಹೊರಟ ಹೊತ್ತು ನೋಡಿ ಬಂದು ಬದುಕಿಸುತ್ತೇನೆ ಆದರೆ ನನ್ನ ಸೇವೆ ಮಾಡಬೇಕು ಅಂತ ಕಟ್ಟಿಹಾಕಿಕೊಂಡವನು. ನಮ್ಮ ಮಾತಲ್ಲಿ ಹರಕೆಗೆ ಬಿದ್ದ ಹಾಗೆ. ಸ್ಟೀವನ್ ಒಳಗಿನಿಂದ ಹುಟ್ಟಿದವನು, ಏನನ್ನೂ ಕೇಳುವುದಿಲ್ಲ. ನಿಮ್ಮ ಬರಹಗಾರರು ಇಬ್ಬರನ್ನೂ ಕಲಸಿ ‘ಭ್ರಮೆಗಳು’ ಅಂದಿದ್ದಾರೆ. ಸೀರಿಯಲ್ಲಿನ ಒಳಗೆ ಖೋನ್ಶು ಭ್ರಮೆ ಅಲ್ಲ, ಸ್ಟೀವನ್ ಅಂತೂ ಅಲ್ಲವೇ ಅಲ್ಲ.

ಹೊಗಳಿದ್ದು ಸಾಕು. ನನಗೆ ಸರಿಬೀಳದ್ದೂ ಇದೆ.

ಒಂದು ಆ ಡಾಕ್ಟರು. ಕಡೆಯ ಕಂತುಗಳಲ್ಲಿ ಮಾರ್ಕ್ ಕಣ್ಣುಬಿಟ್ಟರೆ ಬೆಳ್ಳಗಿನ ಹುಚ್ಚಾಸ್ಪತ್ರೆ, ಎದುರಿಗೆ ಮೆತ್ತಗೆ ಮಾತಾಡುವ ಡಾಕ್ಟರ್ ಹ್ಯಾರೋ. ಆ ಡಾಕ್ಟರ ಮುಖವೂ ವಿಲನ್ ಮುಖವೂ ಒಂದೇ, ಈಥನ್ ಹಾಕ್ ಮಾಡಿರುವುದು. ಅವನು ಹೇಳುವುದೆಲ್ಲಾ ಕೇಳಲು ಸರಿಯಾಗಿದೆ, ನಿನ್ನ ಬಾಲ್ಯ ನೋಡು, ನೋವು ನೋಡು, ಮಾತ್ರೆ ತಗೋ. ಕೊನೆಗೆ ಅದೆಲ್ಲಾ ಸುಳ್ಳು, ಬಲೆ. ಅಮೆರಿಕದವರಿಗೆ ಇದು ಮಜಾ ಇರಬಹುದು, ಅವರಿಗೆ ಓಣಿಗೊಬ್ಬ ಕೌನ್ಸೆಲರ್ ಇದ್ದಾನೆ. ‘ಮೆಂಟಲ್ ಡಾಕ್ಟ್ರ ಹತ್ರ ಹೋದ್ರೆ ಮೆಂಟಲ್ ಮಾಡಿ ಕಳಿಸ್ತಾರೆ’ ಅಂತ ನನ್ನ ಅಂಗಡಿ ಕಟ್ಟೆ ಮೇಲೆ ನಿಂತು ಹೇಳುವ ಜನಕ್ಕೆ ಇದನ್ನು ತೋರಿಸಿದರೆ ‘ನೋಡಿದ್ಯಾ, ನಾ ಹೇಳಿರ್ಲಿಲ್ವಾ’ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಆಪ್ತಮಿತ್ರ ಮೇಲು. ಏನೇ ಆಗಲಿ ಅಲ್ಲಿ ಡಾಕ್ಟರು ವಿಷ್ಣುವರ್ಧನ್!

ಎರಡನೇದು ಜೇಕ್. ಎಲ್ಲಾ ಮುಗಿಯಿತು, ಮಾರ್ಕ್ ಸ್ಟೀವನ್ ರಾಜಿಯಾದರು, ನೀನೇ ನನಗಿದ್ದ ಒಂದೇ ನಿಜವಾದ ಶಕ್ತಿ ಅನ್ನುವ ಅರ್ಥದ ಮಾತು ಹೇಳಿ ಮಾರ್ಕ್ ಸ್ಟೀವನ್‌ನನ್ನು ತಬ್ಬಿಕೊಂಡ, ನನ್ನ ಹೆಂಡತಿಯೂ ಕಣ್ಣೊರೆಸಿಕೊಂಡಳು. ಆಮೇಲೆ ಹೆಸರುಗಳು ಓಡುವ ಹೊತ್ತಿಗೆ ಮೂರನೆಯವನು ಬರುತ್ತಾನೆ, ಸ್ಪ್ಯಾನಿಷ್ ಮಾತಾಡುತ್ತಾನೆ, ಕಾರಿನಲ್ಲಿ ಕೂತ ವಿಲನ್‌ಗೆ ಗುಂಡು ಹೊಡೆಯುತ್ತಾನೆ. ಇಷ್ಟು ಹೊತ್ತು ಕಟ್ಟಿದ್ದನ್ನು ಒಂದು ನಿಮಿಷದಲ್ಲಿ ಕೆಡವಿದರು. ಒಳಗೊಬ್ಬ ಗೊತ್ತಿಲ್ಲದ ಕೊಲೆಗಾರ ಇರುತ್ತಾನೆ ಅನ್ನುವ ಹಳೇ ಸವಕಲು ನಾಣ್ಯವೇ ಅಲ್ವಾ ಇದು? ನಿಜದಲ್ಲಿ ಈ ಕಾಯಿಲೆ ಇರುವವರಿಂದ ಬೇರೆಯವರಿಗೆ ಅಪಾಯ ಅನ್ನುವುದಕ್ಕಿಂತ ಅವರಿಂದ ಅವರಿಗೇ ಅಪಾಯ ಜಾಸ್ತಿ. ಸಾಯಲು ಪ್ರಯತ್ನ ಮಾಡಿದವರು ಅವರಲ್ಲಿ ಬಹಳ. 1975ರಲ್ಲಿ ಶುರುವಾದ ಕಾಮಿಕ್ಸ್‌ನಲ್ಲಿ ಈ ಜೇಕ್ ಪಾಪ ಟ್ಯಾಕ್ಸಿ ಡ್ರೈವರ್ ಅಂತೆ, ಸ್ಟೀವನ್ ದೊಡ್ಡ ಶ್ರೀಮಂತ ಅಂತೆ. ಆಗ ಇವೆಲ್ಲಾ ವೇಷಗಳು, ಕಾಯಿಲೆ ಅನ್ನುವುದು ಸೇರಿದ್ದು ಆಮೇಲೆ. ಮಗಳು ಹೇಳಿದ್ದು. ಪಿರಮಿಡ್ಡು, ಮಮ್ಮಿ, ದೇವರುಗಳ ಕುಸ್ತಿ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಅದು ಹುಡುಗರಿಗೆ.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅದನ್ನು ತೋರಿಸಿಕೊಟ್ಟವನು ಆ ಅಣ್ಣನೇ. ಅವನು ಈಗ ಲಾರಿ ಓಡಿಸುತ್ತಾನೆ. ಪುಣೆ ಬೆಂಗಳೂರು ರೋಡಿನಲ್ಲಿ ಹೋಗುವಾಗ ಬೈಪಾಸಿನಲ್ಲಿ ಗಾಡಿ ನಿಲ್ಲಿಸಿ ಫೋನ್ ಮಾಡುತ್ತಾನೆ, ನಾನು ಹೋಗುತ್ತೇನೆ, ಮಂಡಕ್ಕಿ ಮೆಣಸಿನಕಾಯಿ ತಿಂದು ಟೀ ಕುಡಿಯುತ್ತೇವೆ. ಮದುವೆಯಾಗಿದ್ದಾನೆ, ಎರಡು ಮಕ್ಕಳು. ಮಕ್ಕಳ ಮೇಲೆ ಕೈ ಎತ್ತಿದ್ದು ನಾನು ಕಂಡಿಲ್ಲ. ಮೊನ್ನೆ ಅವನಿಗೆ ಈ ಕಥೆ ಹೇಳಿದೆ. ಗುಹೆ, ತಮ್ಮ, ತಾಯಿ, ಬೆಲ್ಟು. ಹೇಳಬಾರದಿತ್ತೇನೋ ಅಂತ ಅರ್ಧಕ್ಕೆ ಅನ್ನಿಸಿತು, ಶುರು ಮಾಡಿಬಿಟ್ಟಿದ್ದೆ. ಅವನು ಮೆಣಸಿನಕಾಯಿ ಮುರಿದುಕೊಂಡು ಸುಮ್ನೆ ಕೇಳಿದ. ಪೂರ್ತಿ ಮುಗಿದ ಮೇಲೆ ಒಂದೇ ಪ್ರಶ್ನೆ.

‘ಅವ್ರಪ್ಪ ಎಲ್ಲಿದ್ದ?’

‘ಮನೇಲೇ ಇದ್ದ’ ಅಂದೆ.

‘ಹ್ಞೂಂ’ ಅಂದ. ಇನ್ನೊಂದು ಟೀ ಹೇಳಿದ.

ರಾತ್ರಿ ಮನೆಗೆ ಬಂದು ಐದನೇ ಕಂತು ಮತ್ತೆ ಹಾಕಿ ನೋಡಿದೆ. ಅಪ್ಪ ಇದ್ದಾನೆ. ಒಳ್ಳೆಯವನೇ. ಹೆಂಡತಿಯನ್ನು ತಡೆಯಲು ಬಾಯಿಮಾತಲ್ಲಿ ನೋಡುತ್ತಾನೆ, ಮಗ ಮನೆ ಬಿಟ್ಟು ಹೊರಟಾಗ ಬೇಡ ಅಂತ ಅಂಗಲಾಚುತ್ತಾನೆ. ಬಾಗಿಲು ಮುಚ್ಚಿಕೊಂಡ ಹೊತ್ತಿನಲ್ಲಿ ಮಾತ್ರ ಇಲ್ಲ. ಸೀರಿಯಲ್ಲೂ ಅವನನ್ನು ಏನೂ ಕೇಳುವುದಿಲ್ಲ, ಎಲ್ಲಾ ತಪ್ಪನ್ನೂ ಆ ತಾಯಿಯ ತಲೆಗೆ ಕಟ್ಟಿ ಮುಂದೆ ಹೋಗುತ್ತದೆ, ಅವಳೂ ಮಗನನ್ನು ಕಳೆದುಕೊಂಡವಳು ಅನ್ನುವುದಕ್ಕೆ ಎರಡು ನಿಮಿಷ ಕೊಡುವುದಿಲ್ಲ. ನಾನೂ ಈ ಪತ್ರದಲ್ಲಿ ಇಷ್ಟು ಹೊತ್ತು ದೊಡ್ಡಮ್ಮನ ಬಗ್ಗೆ ಬರೆದೆನಲ್ಲ, ದೊಡ್ಡಪ್ಪನ ಬಗ್ಗೆ ಒಂದಕ್ಷರ ಬರೆದಿಲ್ಲ ನೋಡಿ. ಅವನೂ ಮನೆಯಲ್ಲೇ ಇದ್ದ. ಜಗಲಿ ಮೇಲೆ ಬೀಡಿ ಸೇದುತ್ತಾ.

ಮೇಷ್ಟ್ರುಗಳೂ ಇದ್ದರು. ಎಲ್ಲೋ ನೋಡುತ್ತಾ ನಿಂತ ಹುಡುಗನಿಗೆ ಎರಡು ಬಿಗಿಯುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ಹೊಡೆಯುವ ಹಾಗಿಲ್ಲ, ಮನಸ್ಸಿಗೆ ಹಿಂಸೆ ಕೊಡುವ ಹಾಗೂ ಇಲ್ಲ. ಮನೆಯೊಳಗಿನ ಏಟನ್ನು ಮಾತ್ರ ನಾವು ಇವತ್ತಿಗೂ ‘ಅವರ ಮಕ್ಕಳು, ಅವರು ಹೊಡೀತಾರೆ’ ಅಂತ ಬಿಡುತ್ತೇವೆ. ಜುವೆನೈಲ್ ಜಸ್ಟಿಸ್ ಕಾಯ್ದೆಯಲ್ಲಿ, 2015ರದು, ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸೆ ಮಾಡಿದರೆ ಶಿಕ್ಷೆ ಇದೆ. ಪೊಲೀಸರಿಗೆ ಹೇಳುವುದು ಬೇಡ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ದುಡ್ಡು ಬೀಳುವುದಿಲ್ಲ.

ನಮ್ಮ ಕಡೆ ಏನೂ ಇಲ್ಲ ಅಂತ ಅಲ್ಲ ಸಂಪಾದಕರೇ. ಹಳ್ಳಿ ಜನರಿಗೆ ಮನಸ್ಸಿನ ಚಿಕಿತ್ಸೆ ಹೇಗೆ ತಲುಪಿಸುವುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ನೋಡಿದ್ದು ನಮಗೆ ಹತ್ತಿರದ ಬಳ್ಳಾರಿಯಲ್ಲಿ, 1996ರಲ್ಲಿ ದೇಶದ ಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಶುರುವಾಗಿದ್ದು ಅದೇ ಮಾದರಿಯಲ್ಲಿ. 2022ರ ಅಕ್ಟೋಬರ್ 10ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಗಡಿಯ ಗಾಜಿನ ಮೇಲೆ ಬರೆದು ಅಂಟಿಸಿದ್ದೇನೆ. ಜನ ನೇರ ನೋಡುವುದಿಲ್ಲ. ಕೆಮ್ಮಿನ ಔಷಧಿ ಕೇಳುತ್ತಾ ಓರೆಗಣ್ಣಲ್ಲಿ ಓದಿಕೊಂಡು ಹೋಗುತ್ತಾರೆ, ಕೆಲವರು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಾರೆ, ಪಕ್ಕದಲ್ಲಿರುವ ಕ್ಯಾಲೆಂಡರ್ ಫೋಟೋ ತೆಗೆಯುವವರ ಹಾಗೆ.

ನನ್ನ ಕೋರಿಕೆ ಇಷ್ಟೇ. ‘ಹುಚ್ಚು’ ಅನ್ನುವ ಪದವನ್ನು ಕ್ರಿಕೆಟ್ ಪುಟದಲ್ಲಿ, ಪ್ರೀತಿ ಪ್ರೇಮದ ಹಾಡಿನಲ್ಲಿ ಎಷ್ಟು ಬೇಕಾದರೂ ಬಳಸಿ. ಕಾಯಿಲೆ ಇರುವವರ ಸುದ್ದಿಯ ತಲೆಬರಹದಲ್ಲಿ ಬೇಡ. ಮುಂದಿನ ಸಲ ಇಂಥ ಸೀರಿಯಲ್, ಸಿನಿಮಾ ಬಗ್ಗೆ ಬರೆಸಿದಾಗ ಕೆಳಗೆ ಎರಡು ಬೆರಳಷ್ಟು ಜಾಗ ಬಿಟ್ಟು ಆ ಎರಡು ನಂಬರ್ ಹಾಕಿ. ನಿಮ್ಮ ಪತ್ರಿಕೆ ಓದಿದ ಮೇಲೂ ಕೆಲಸಕ್ಕೆ ಬರುತ್ತದೆ, ನಾನು ಅದರಲ್ಲಿ ಏನೇನು ಸುತ್ತಿಕೊಡುತ್ತೇನೆ ಅಂತ ಮೇಲೆ ಹೇಳಿದೆನಲ್ಲ.

ಇತಿ,
ನಿಮ್ಮ ಓದುಗ, ದಾವಣಗೆರೆ
(ಹೆಸರು ಹಾಕಬೇಡಿ. ನನಗೇನೂ ಇಲ್ಲ, ದೊಡ್ಡಮ್ಮ ಇನ್ನೂ ಇದ್ದಾಳೆ.)

ತಾ.ಕ.: ಮಗಳು ಓದಿ ನೋಡಿದಳು. ಸ್ಟೀವನ್ ಸಾಕಿದ ಒಂಟಿ ರೆಕ್ಕೆಯ ಮೀನಿನ ಬಗ್ಗೆ ಬರೆಯದೇ ಇದ್ದರೆ ನೀನು ಸೀರಿಯಲ್ ನೋಡೇ ಇಲ್ಲ ಅಂತ ಲೆಕ್ಕ ಅಂದಳು. ಅದರ ಹೆಸರು ಗಸ್. ಒಂದು ದಿನ ಎದ್ದು ನೋಡಿದರೆ ಅದಕ್ಕೆ ಎರಡು ರೆಕ್ಕೆ ಇರುತ್ತದೆ. ಅವನಿಗೆ ಗೊತ್ತಿಲ್ಲದೆ ಯಾರೋ ಹಳೇದು ಸತ್ತಿದ್ದನ್ನು ಮುಚ್ಚಿಟ್ಟು ಹೊಸ ಮೀನು ತಂದು ಬಿಟ್ಟಿದ್ದಾರೆ.